ಹನ್ನೆರಡು ವೋಲ್ಟಿನ ಮನೆಗೆ ಐದು ವೋಲ್ಟಿನ ನೆಂಟರು

ದೋಣಿಯ ಬ್ಯಾಟರಿಯಿಂದ ಮೊಬೈಲು, ಟಾರ್ಚು, ರೇಡಿಯೊದಂಥ ಚಿಲ್ಲರೆ ಸಾಮಾನುಗಳನ್ನು ಚಾರ್ಜು ಮಾಡಿಕೊಳ್ಳುವುದು ಹೇಗೆ? ಈ ವಿಷಯದಲ್ಲಿ ಮಾತಾಡಲು ತಾಳವಾಡಿಯವನಷ್ಟು ಯೋಗ್ಯ ಮನುಷ್ಯ ಇನ್ನೊಬ್ಬ ಸಿಗಲಾರ. ಯಾಕೆಂದರೆ ಅವನ ಹತ್ತಿರ ದೋಣಿಯೇ ಇಲ್ಲ. ದೋಣಿ ಇದ್ದವನು ದೋಣಿ ನಡೆಸುತ್ತಾನೆ. ಇಲ್ಲದವನಿಗೆ ಅದರ ಬಗ್ಗೆ ಅಭಿಪ್ರಾಯ ಹೇಳಲು ಬೇಕಾದಷ್ಟು ಪುರುಸೊತ್ತು.

ಊರಿನ ಗುರುತು ಮೊದಲು ಹೇಳಿಬಿಡುತ್ತೇನೆ. ತಮಿಳುನಾಡಿನ ಈರೋಡು ಜಿಲ್ಲೆಯ ನೆತ್ತಿಯ ಮೇಲೆ ನಾವಿದ್ದೇವೆ. ಸತ್ಯಮಂಗಲದ ಕಡೆಯಿಂದ ಬರುವವರು ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿಯ 27 ತಿರುವುಗಳಲ್ಲಿ ಬೆಳಿಗ್ಗೆ ತಿಂದದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತ ಮೇಲೇರಬೇಕು. ಕಚೇರಿಯ ಅರ್ಜಿ ತಮಿಳಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಸುತ್ತಲಿನ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ತಾಳವಾಡಿ ತಾಲ್ಲೂಕಾದದ್ದು 2016ರಲ್ಲಿ. ಅಂದರೆ ಸರ್ಕಾರದ ಕಣ್ಣಿಗೆ ಹುಲಿ ಬಿದ್ದು ಮೂರು ವರ್ಷವಾದ ಮೇಲೆ ನಾವು ಬಿದ್ದೆವು. ಬೆಳೆಯುವುದು ಟೊಮೆಟೊ, ಎಲೆಕೋಸು, ಆಲೂಗಡ್ಡೆ, ಮುಸುಕಿನ ಜೋಳ. ತಿನ್ನುವವರ ಪಟ್ಟಿಯಲ್ಲಿ ಮೊದಲನೆಯವನು ಆನೆ, ಎರಡನೆಯವನು ಹಂದಿ, ಉಳಿದರೆ ಮಂಡಿಯವನು.

ಇಂಥ ಊರಿನಲ್ಲಿ ದೋಣಿ ಹುಡುಕಬೇಕೆಂದರೆ ಬೆಟ್ಟ ಇಳಿಯಬೇಕು. ಕೆಳಗೆ ಮೋಯಾರ್ ಹೊಳೆಯ ಆಚೆ ತೆಂಗುಮರಹಾಡ ಎಂಬ ಊರಿದೆ. ಅಲ್ಲಿನವರು ಹೊಳೆ ದಾಟುವುದು ಹರಿಗೋಲಿನಲ್ಲಿ. ಆ ಹೊಳೆ ಹೋಗಿ ಸೇರುವ ಭವಾನಿಸಾಗರದ ಹಿನ್ನೀರಿನಲ್ಲಿ ಮೀನು ಹಿಡಿಯುವವರದೂ ಹರಿಗೋಲೇ. ಹರಿಗೋಲಿಗೆ ಎಂಜಿನ್ನೂ ಇಲ್ಲ, ಬ್ಯಾಟರಿಯೂ ಇಲ್ಲ. ಅದರಲ್ಲಿ ಮೊಬೈಲು ಚಾರ್ಜಾಗುವುದಿಲ್ಲ, ನೀರಿಗೆ ಮಾತ್ರ ಬೀಳುತ್ತದೆ.

ಬ್ಯಾಟರಿ ಇರುವ ದೋಣಿ ನೋಡಲೇಬೇಕೆಂಬ ಹಟವಿದ್ದರೆ ಮಲ್ಪೆಗೆ ಹೋಗಿ. ಅಲ್ಲಿನ ಆಳಸಮುದ್ರದ ಬೋಟುಗಳು ದಿನಗಟ್ಟಲೆ ದಡ ಕಾಣದೆ ನೀರಿನ ಮೇಲಿರುತ್ತವೆ. ದಾರಿ ತೋರಿಸಲು ಜಿಪಿಎಸ್, ಮೀನು ತೋರಿಸಲು ಫಿಶ್ ಫೈಂಡರ್, ಮಾತಿಗೆ ವೈರ್‌ಲೆಸ್, ಅದರ ಮೇಲೆ ಬೋಟು ನಡೆಸುವ ತಾಂಡೇಲನಿಂದ ಹಿಡಿದು ಅಡಿಗೆಯವನ ತನಕ ಎಲ್ಲರ ಜೇಬಿನಲ್ಲೂ ಮೊಬೈಲು. ಎಲ್ಲರ ಬಾಯಿಗೂ ಬೋಟಿನ ಬ್ಯಾಟರಿಯೇ ಗತಿ. ಎಂಜಿನ್ನಿನ ಬ್ಯಾಟರಿಯನ್ನೇ ಹೀರಿ ಅದು ಸತ್ತರೆ ಎಂಜಿನ್ ಏಳುವುದಿಲ್ಲ. ಎಂಜಿನ್ ಏಳದಿದ್ದರೆ ದಡ ಬರುವುದಿಲ್ಲ. ಈಗ ನಮ್ಮ ಹೊಲಕ್ಕೆ ಬನ್ನಿ. ರಾತ್ರಿ ಹತ್ತು ಗಂಟೆ, ಜೋಳ ಹಾಲುಗಾಳು, ಗಾಳಿಗೆ ಕಾಡಿನಲ್ಲೆಲ್ಲೋ ಮರ ಬಿದ್ದು ಕರೆಂಟು ಹೋಗಿದೆ, ಸುತ್ತ ಕತ್ತಲೆ, ಅಟ್ಟಣೆಯ ಮೇಲೆ ನಾಲ್ಕು ಜನ ಕಾವಲು, ನಾಲ್ಕೂ ಮೊಬೈಲು ಕೆಂಪು ಗೆರೆಯಲ್ಲಿ, ಕೆಳಗೆ ಒಂದು ಟ್ರ್ಯಾಕ್ಟರು. ಉಪ್ಪುನೀರೊಂದು ಬಿಟ್ಟು ಮಲ್ಪೆಯ ತಾಂಡೇಲನಿಗಿರುವ ಕಷ್ಟವೆಲ್ಲ ನಮಗೂ ಇದೆ. ಅವನಿಗೆ ತಿಮಿಂಗಿಲ ಅಪರೂಪ. ನಮಗೆ ಆನೆ ದಿನನಿತ್ಯ.

ಮೊಬೈಲಿಗೆ ಇಷ್ಟು ಹಸಿವು ಎಲ್ಲಿಂದ ಬಂತು ಎಂದು ಹಳಬರು ಕೇಳುತ್ತಾರೆ. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಅದಕ್ಕೆ ಐದು ವರ್ಷ ತುಂಬಲು ಒಂದು ದಿನ ಬಾಕಿ ಇರುವಾಗ, 2000ದ ಜುಲೈ 30ರ ರಾತ್ರಿ, ನಮ್ಮದೇ ದೊಡ್ಡ ಗಾಜನೂರಿನ ತೋಟದ ಮನೆಯಿಂದ ಕಾಡುಗಳ್ಳ ವೀರಪ್ಪನ್ ನಟ ರಾಜ್‌ಕುಮಾರರನ್ನು ಕರೆದೊಯ್ದ. ಎರಡು ರಾಜ್ಯಗಳನ್ನು 108 ದಿನ ನಿದ್ದೆಗೆಡಿಸಿದ ಆ ಸುದ್ದಿಯ ಮೊದಲ ಸಂದೇಶ ಹೊರಟದ್ದು ಕ್ಯಾಸೆಟ್ಟಿನಲ್ಲಿ. ಇವತ್ತು ಅದೇ ಗಾಜನೂರಿನ ಹುಡುಗ ಎಲೆಕೋಸಿನ ರೇಟು ಕೇಳಲು ವಿಡಿಯೊ ಕಾಲ್ ಮಾಡುತ್ತಾನೆ. ಕೋಸಿನ ಮುಖ ನೋಡದೆ ಅವನಿಗೆ ಸಮಾಧಾನವಿಲ್ಲ.

ಅದರ ಮೇಲೆ ನಮ್ಮದು ಗಡಿ. ಬಲಕ್ಕೆ ತಿರುಗಿದರೆ ಕರ್ನಾಟಕದ ಟವರು, ಎಡಕ್ಕೆ ತಿರುಗಿದರೆ ತಮಿಳುನಾಡಿನ ಟವರು, ಹಳ್ಳಕ್ಕಿಳಿದರೆ ಯಾವುದೂ ಇಲ್ಲ. ಸಿಗ್ನಲ್ ಕಡಿಮೆಯಾದಷ್ಟೂ ಮೊಬೈಲು ಜೋರಾಗಿ ಕೂಗಿ ಟವರನ್ನು ಕರೆಯುತ್ತದೆ. ಆ ಕೂಗಿಗೆಲ್ಲ ಖರ್ಚಾಗುವುದು ಅದರ ಬ್ಯಾಟರಿ. ಬೆಂಗಳೂರಿನಲ್ಲಿ ಸಂಜೆಯ ತನಕ ಬದುಕುವ ಫೋನು ತಲಮಲೈ ಕಾಡಿನ ದಾರಿಯಲ್ಲಿ ಮಧ್ಯಾಹ್ನಕ್ಕೇ ಪ್ರಾಣ ಬಿಡುವುದು ಇದೇ ಕಾರಣಕ್ಕೆ. ಫೋನಿಗೆ ನಮ್ಮ ಊರಿನ ಗಾಳಿ ಒಗ್ಗುವುದಿಲ್ಲ ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ.

ಈಗ ಯಜಮಾನನ ಪರಿಚಯ. ಟ್ರ್ಯಾಕ್ಟರಿನ ಬ್ಯಾಟರಿ ಎಂಬ ಕರಿಯ ಪೆಟ್ಟಿಗೆಯೊಳಗೆ ಸೀಸದ ತಗಡು, ಗಂಧಕಾಮ್ಲದ ನೀರು. ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರಾನ್ಸಿನವನು ಇದನ್ನು 1859ರಲ್ಲಿ ಮಾಡಿದ. ಮೂಲ ರಸಾಯನ ಅಂದಿನಿಂದ ಬದಲಾಗಿಲ್ಲ. ಒಳಗೆ ಆರು ಕೋಣೆ, ಕೋಣೆಗೆ ಎರಡು ವೋಲ್ಟು ಚಿಲ್ಲರೆ, ಒಟ್ಟು ಹೆಸರಿಗೆ ಹನ್ನೆರಡು. ಹೊಟ್ಟೆ ತುಂಬಿ ಸುಮ್ಮನೆ ಕೂತಾಗ 12.6ರಿಂದ 12.7, ಅರ್ಧ ಖಾಲಿಯಾದರೆ 12.2, 11.8ಕ್ಕೆ ಇಳಿದರೆ ಖಾಲಿ ಎಂದೇ ಲೆಕ್ಕ. ಎಂಜಿನ್ ಓಡುತ್ತಿರುವಾಗ ಹದಿನಾಲ್ಕರ ಸುತ್ತ. ನೆಂಟನಾಗಿ ಬಂದಿರುವ ಮೊಬೈಲಿಗೆ ಬೇಕಾದ್ದು ಬರೀ ಐದು ವೋಲ್ಟು. ಹನ್ನೆರಡನ್ನೇ ಬಡಿಸಿದರೆ ಅಜೀರ್ಣವಾಗುವುದಿಲ್ಲ, ನೆಂಟ ಎಲೆಯ ಮುಂದೆಯೇ ಶಿವನ ಪಾದ ಸೇರುತ್ತಾನೆ.

ಹನ್ನೆರಡನ್ನು ಐದಕ್ಕಿಳಿಸಲು ನಮ್ಮ ಬೆಟ್ಟದ ವಿಜ್ಞಾನಿಗಳು ಮಾಡದ ಸಾಹಸವಿಲ್ಲ. ಹಳೇ ಕಾಲದ ಬ್ಯಾಟರಿಗಳ ನೆತ್ತಿಯ ಮೇಲೆ ಕೋಣೆಯಿಂದ ಕೋಣೆಗೆ ಹಾಯುವ ಸೀಸದ ಪಟ್ಟಿ ಹೊರಗೇ ಕಾಣುತ್ತಿತ್ತು. ಮೂರನೇ ಕೋಣೆಗೆ ತಂತಿ ಸಿಕ್ಕಿಸಿ ಆರು ವೋಲ್ಟು ಕದ್ದು ರೇಡಿಯೊ ಹಾಡಿಸಬಹುದಾಗಿತ್ತು. ಮೂರು ಕೋಣೆ ಬರಿದಾಗಿ, ಉಳಿದ ಮೂರು ತುಂಬಿ, ಬ್ಯಾಟರಿ ಅಕಾಲದಲ್ಲಿ ಮುದಿಯಾಗುತ್ತಿತ್ತು. ಈಗಿನ ಬ್ಯಾಟರಿ ಮಾಡುವವರು ಆ ಪಟ್ಟಿಯನ್ನು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟಿದ್ದಾರೆ. ನಮ್ಮಂಥವರ ಕೈ ಗೊತ್ತಿದ್ದೇ ಮುಚ್ಚಿರಬೇಕು.

ಎರಡನೇ ಸಾಹಸ, 7805 ಎಂಬ ಮೂರು ಕಾಲಿನ ಚಿಪ್ಪು. ಇದು ಐದು ವೋಲ್ಟನ್ನು ಕೊಡುವುದು ನಿಜ, ಮಿಕ್ಕ ಏಳನ್ನು ಶಾಖ ಮಾಡಿ ಸುಡುವುದೂ ನಿಜ. ಒಂದು ಆಂಪಿಯರ್ ಎಳೆದರೆ ಮೊಬೈಲಿಗೆ ಐದು ವಾಟ್, ಬಿಸಿಗೆ ಏಳು ವಾಟ್. ನೆಂಟನಿಗೆ ಐದು ಮುದ್ದೆ ಹಾಕಲು ಏಳು ಮುದ್ದೆ ತಿಪ್ಪೆಗೆಸೆದಂತೆ. ಕಾರಿನ ಸಿಗರೇಟ್ ಲೈಟರಿನ ಗುಂಡಿಗೆ ತುರುಕುವ ಅಡಾಪ್ಟರಿನೊಳಗೆ ಇರುವುದು ಬೇರೆ ಜಾತಿ. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ, ಆರಿಸಿ, ಸುರುಳಿಯಲ್ಲಿ ಕೂಡಿಟ್ಟು, ಅಳೆದು ಕೊಡುತ್ತದೆ. ನೂರಕ್ಕೆ ಎಂಬತ್ತೈದು ಭಾಗವಾದರೂ ಫೋನಿಗೆ ಮುಟ್ಟುತ್ತದೆ. ಬೀಡಿ ಹಚ್ಚಲು ಬೆಂಕಿಕಡ್ಡಿ ಸಾಕೆನ್ನುವ ನಮ್ಮ ಹೊಲಕ್ಕೆ ಸಿಗರೇಟ್ ಹಚ್ಚುವ ಗುಂಡಿ ಬಂದು ಫೋನು ಸಾಕುತ್ತಿದೆ.

ಇಷ್ಟೆಲ್ಲ ಹೇಳಿದರೂ ಟ್ರ್ಯಾಕ್ಟರ್ ಯಜಮಾನರಾದ ನಮ್ಮ ಮಾವನವರಿಗೆ ಮೊಬೈಲೆಂದರೆ ಸಂಶಯ.

“ನೀವೆಲ್ಲ ಸೇರ್ಕಂಡು ಬ್ಯಾಟ್ರಿ ಹೀರಿ ಹಾಕ್ಬುಟ್ರೆ ಬೆಳಿಗ್ಗೆ ಸೆಲ್ಫ್ ಎತ್ತುತ್ತಾ? ನಿಮ್ಮಪ್ಪ ಬಂದು ತಳ್ತನಾ?”

“ಒಂದು ಫೋನು ಎಷ್ಟು ತಿಂದೀತು ಮಾವ?”

“ಎಷ್ಟಾದ್ರೂ ತಿನ್ಲಿ, ಬುಡು. ತಿನ್ನೋದು ನನ್ ಬ್ಯಾಟ್ರಿನಲ್ವಾ!”

ಲೆಕ್ಕ ಹಾಕೋಣ. ಈಗಿನ ಮೊಬೈಲಿನ ಮೇಲೆ 5000 ಎಂಎಎಚ್ ಎಂದು ಬರೆದಿರುತ್ತದೆ. ಅದು ಸುಮಾರು 3.85 ವೋಲ್ಟಿನ ಲೆಕ್ಕ. ಗುಣಿಸಿದರೆ 19 ವಾಟ್-ಅವರ್ ಚಿಲ್ಲರೆ. ದಾರಿಯಲ್ಲಿ ಸೋರುವುದನ್ನೂ ಸೇರಿಸಿ 25 ಎನ್ನಿ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಅದು ಎರಡು ಆಂಪಿಯರ್-ಅವರ್. ಟ್ರ್ಯಾಕ್ಟರ್ ಬ್ಯಾಟರಿ 80 ಆಂಪಿಯರ್-ಅವರಿನದಾದರೆ, ಅರ್ಧಕ್ಕಿಂತ ಕೆಳಗಿಳಿಸಬಾರದು ಎಂಬ ನಿಯಮ ಇಟ್ಟುಕೊಂಡರೂ, ಇಪ್ಪತ್ತು ಫೋನಿಗೆ ಊಟ ಹಾಕುವ ತಾಕತ್ತು ಅದಕ್ಕಿದೆ. ನಾಲ್ಕು ಫೋನಿಗೆ ಹೆದರುವ ಯಜಮಾನ ಅದಲ್ಲ.

ಆದರೆ ಮಾವನವರ ಮಾತೂ ಪೂರ್ತಿ ಸುಳ್ಳಲ್ಲ. ಸೆಲ್ಫ್ ಹೊಡೆದಾಗ ಮುನ್ನೂರು ಆಂಪಿಯರ್ ಎಳೆಯಿತೆಂದರೂ ಎಳೆಯುವುದು ಮೂರು ಸೆಕೆಂಡು. ಲೆಕ್ಕಕ್ಕೆ ಅದು ಕಾಲು ಆಂಪಿಯರ್-ಅವರ್. ಅಂದರೆ ಒಂದು ಫೋನು ರಾತ್ರಿಯೆಲ್ಲ ತಣ್ಣಗೆ ಕೂತು ತಿನ್ನುವುದು ಎಂಟು ಸಲ ಟ್ರ್ಯಾಕ್ಟರ್ ಎಬ್ಬಿಸುವಷ್ಟು. ತೋರಿಕೆಗೆ ಟ್ರ್ಯಾಕ್ಟರು ಗುಡುಗುತ್ತದೆ, ಫೋನು ಹಲ್ಲಿಯ ಹಾಗೆ ಸುಮ್ಮನಿರುತ್ತದೆ. ವ್ಯತ್ಯಾಸ ಇಷ್ಟೇ: ಟ್ರ್ಯಾಕ್ಟರು ಎದ್ದ ಮೇಲೆ ಆಲ್ಟರ್ನೇಟರ್ ತಿರುಗಿ ಸಾಲ ತೀರಿಸುತ್ತದೆ, ಫೋನು ತಿಂದು ಜೇಬು ಸೇರುತ್ತದೆ. ಬ್ಯಾಟರಿ ಹೊಸದಿದ್ದರೆ ಈ ಲೆಕ್ಕ. ನೀರು ಬತ್ತಿ, ತಗಡಿನ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ, ಹೆಸರಿಗೆ ಮಾತ್ರ 80 ಎಂದು ಬರೆಸಿಕೊಂಡಿರುವ ಮುದಿ ಬ್ಯಾಟರಿಗೆ ಎರಡು ಫೋನೂ ಭಾರ. ನಮ್ಮ ಮಾವನವರ ಬ್ಯಾಟರಿಯ ವಯಸ್ಸು ಕೇಳಿದರೆ ಅವರು ಮಳೆಯ ಬಗ್ಗೆ ಮಾತು ತೆಗೆಯುತ್ತಾರೆ.

ಬಾಮೈದನದು ಇನ್ನೊಂದು ದಾರಿ. ಟ್ರ್ಯಾಕ್ಟರ್ ಕೊಡದಿದ್ದರೆ ಬೈಕಿದೆಯಲ್ಲ ಎಂದು ಬೈಕಿಗೆ ಫೋನು ಕಟ್ಟುತ್ತಾನೆ. ಸಾಮಾನ್ಯ ಬೈಕಿನ ಬ್ಯಾಟರಿ ಮೂರರಿಂದ ಐದು ಆಂಪಿಯರ್-ಅವರ್. ಎಂಜಿನ್ ಆರಿಸಿಟ್ಟು ಒಂದು ಫೋನು ತುಂಬಿಸಿದರೆ ಎರಡು ಹೋಯಿತು. ಉಳಿದದ್ದರಲ್ಲಿ ಹಾರನ್ನು ಮೇಕೆಮರಿಯ ಹಾಗೆ ಕೂಗುತ್ತದೆ. ಫೋನು ನೂರಕ್ಕೆ ನೂರು, ಬೈಕು ಸೊನ್ನೆ. ಆ ತುಂಬಿದ ಫೋನಿನಿಂದಲೇ ಅವನು ಮಾಡುವ ಮೊದಲ ಕರೆ: “ಭಾವ, ಒಸಿ ಬಂದು ಬೈಕ್ ತಳ್ಳು.”

ಇವರಿಬ್ಬರಿಗಿಂತ ದೊಡ್ಡವನು ಇನ್ವರ್ಟರ್ ತರುವವನು. ಸಂತೆಯಲ್ಲಿ ಸಿಗುವ ಸಣ್ಣ ಇನ್ವರ್ಟರು ಹನ್ನೆರಡನ್ನು 230 ಮಾಡುತ್ತದೆ. ಅದಕ್ಕೆ ಮನೆಯ ಚಾರ್ಜರ್ ಚುಚ್ಚಿದರೆ ಅದು 230ನ್ನು ಮತ್ತೆ ಐದು ಮಾಡುತ್ತದೆ. ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗಲು ದಿಂಬಂ ಇಳಿದು, ಕೊಯಮತ್ತೂರು ಸುತ್ತಿ, ಊಟಿಯ ಮೇಲೆ ಬಂದ ಕಥೆ ಇದು. ದಾರಿ ಖರ್ಚು ಬೇರೆ. ಏನೂ ಚುಚ್ಚದೆ ಬರಿದೇ ಹೊತ್ತಿಸಿಟ್ಟರೂ ಇನ್ವರ್ಟರು ತನ್ನ ಪಾಡಿಗೆ ಐದಾರು ವಾಟ್ ತಿನ್ನುತ್ತದೆ. ಆರರ ಲೆಕ್ಕದಲ್ಲಿ ಹತ್ತು ಗಂಟೆಯ ರಾತ್ರಿಗೆ ಅದು 60 ವಾಟ್-ಅವರ್. ಎರಡು ಫೋನಿನ ಊಟಕ್ಕಿಂತ ಹೆಚ್ಚು. ನೆಂಟನಿಗಿಂತ ನೆಂಟನನ್ನು ಕರೆತಂದವನ ಎಲೆ ದೊಡ್ಡದು. ಬ್ಯಾಟರಿ ಕೊಂದ ಅಪವಾದ ಮಾತ್ರ ಯಾವಾಗಲೂ ಮೊಬೈಲಿನ ತಲೆಗೆ.

ತಂತಿಯ ಜಿಪುಣತನ ಇನ್ನೊಂದು. ಟ್ರ್ಯಾಕ್ಟರು ಕೆಳಗೆ, ಅಟ್ಟಣೆ ಮೇಲೆ. ಮೇಲೆ ಮಲಗಿಕೊಂಡೇ ಸಿನಿಮಾ ನೋಡಬೇಕು. ಬಾಮೈದ ಅಡಾಪ್ಟರನ್ನು ಟ್ರ್ಯಾಕ್ಟರಿನಲ್ಲೇ ಬಿಟ್ಟು, ಐದು ವೋಲ್ಟಿನ ಕೂದಲೆಳೆಯಂಥ ಕೇಬಲ್ಲನ್ನು ಕತ್ತರಿಸಿ, ಸೇರಿಸಿ, ಅಟ್ಟಣೆಯ ತನಕ ಎಳೆಯುತ್ತಾನೆ. ಫೋನಿನಲ್ಲಿ ಚಾರ್ಜಿಂಗ್ ಚಿಹ್ನೆ ಬರುತ್ತದೆ, ಚಾರ್ಜು ಬರುವುದಿಲ್ಲ. ಬುದ್ಧಿವಂತರು ಇದರ ತಿರುಗುಮುರುಗು ಮಾಡುತ್ತಾರೆ: ಹನ್ನೆರಡು ವೋಲ್ಟನ್ನು ದಪ್ಪ ತಂತಿಯಲ್ಲಿ ಮೇಲಕ್ಕೆ ತಂದು ಅಡಾಪ್ಟರನ್ನು ಫೋನಿನ ಪಕ್ಕ ಇಡುತ್ತಾರೆ. ಹತ್ತು ವಾಟ್ ಸಾಗಿಸಲು ಐದು ವೋಲ್ಟಿನಲ್ಲಿ ಎರಡು ಆಂಪಿಯರ್ ಬೇಕು, ಹನ್ನೆರಡರಲ್ಲಿ ಒಂದೂ ಬೇಡ. ಆಂಪಿಯರ್ ಅರ್ಧವಾದರೆ ತಂತಿಯಲ್ಲಿ ಸೋರುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ನಮ್ಮ ಸೀಮೆಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲೇ ಕಾವೇರಿ ಬದಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದಾಗ ಮೈಸೂರಿನವರು ಮಾಡಿದ್ದೂ ಅದನ್ನೇ. ವೋಲ್ಟನ್ನು ಏರಿಸಿ ದೂರಕ್ಕೆ ಕಳಿಸಿ, ಗಣಿಯ ಹತ್ತಿರ ಇಳಿಸಿಕೊಂಡರು. ಚಿನ್ನ ತೆಗೆಯಲು ಬಂದ ಬುದ್ಧಿ ಸಿನಿಮಾ ನೋಡಲು ಯಾಕೆ ಬರಬಾರದು?

ಫ್ಯೂಸು ಎಂಬ ಪದಾರ್ಥವನ್ನು ನಮ್ಮವರು ಕಂಪನಿಯವರ ಪಿತೂರಿ ಎಂದು ತಿಳಿದಿದ್ದಾರೆ. ಪದೇ ಪದೇ ಹೋಗುತ್ತದೆ ಎಂದು ಅದರ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುತ್ತಾರೆ. ಫ್ಯೂಸು ಹೋಗುವುದೇ ಅದರ ಉದ್ಯೋಗ. ಮೊಬೈಲಿಗೆ ಒಂದೆರಡೇ ಆಂಪಿಯರ್ ಕೊಡುವ ಅದೇ ಬ್ಯಾಟರಿ ಪ್ಲಸ್ಸು ಮೈನಸ್ಸು ನೇರ ತಗುಲಿದರೆ ನೂರಾರು ಆಂಪಿಯರ್ ಉಗುಳುತ್ತದೆ. ತಂತಿ ಕೆಂಪಗೆ ಕಾದು ಹುಲ್ಲಿಗೆ ಬೆಂಕಿ ಹತ್ತಲು ಕ್ಷಣ ಸಾಕು. ಪ್ಲಸ್ ಕಂಬದ ಪಕ್ಕದಲ್ಲೇ ಐದು ಆಂಪಿಯರಿನ ಫ್ಯೂಸು ಹಾಕಬೇಕು, ತಂತಿಯ ಆ ತುದಿಯಲ್ಲಲ್ಲ. ಸೆಲ್ಫ್ ಹೊಡೆಯುವಾಗ ಫೋನು ಕಿತ್ತಿಡಬೇಕು. ಆಗ ವೋಲ್ಟು ಕುಸಿದು ನೆಗೆಯುವ ಆಟಕ್ಕೆ ಅಗ್ಗದ ಅಡಾಪ್ಟರು ತಡೆಯುವುದಿಲ್ಲ. ಬೋಟುಗಳಲ್ಲೂ ದೊಡ್ಡ ಲಾರಿಗಳಲ್ಲೂ 24 ವೋಲ್ಟು ಇರುವುದುಂಟು. 12 ಎಂದು ಮಾತ್ರ ಬರೆದ ಅಡಾಪ್ಟರನ್ನು ಅಲ್ಲಿಗೆ ಚುಚ್ಚಿದವನಿಗೆ ಹೊಗೆಯ ದರ್ಶನ ಉಚಿತ.

ಇಷ್ಟೂ ಹರಟೆಯಾಯಿತು. ಇನ್ನು ಹೇಳುವುದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ನಮ್ಮ ಹೊಲಗಳಲ್ಲಿ ಇನ್ನೊಂದು ಬ್ಯಾಟರಿಯಿದೆ. ಸೋಲಾರ್ ಬೇಲಿಯ ಪೆಟ್ಟಿಗೆಯೊಳಗಿನದು. ಹಗಲು ಬಿಸಿಲು ಕುಡಿದು, ರಾತ್ರಿ ಸೆಕೆಂಡಿಗೊಂದರಂತೆ ತಂತಿಗೆ ಸಾವಿರಾರು ವೋಲ್ಟಿನ ಪೆಟ್ಟು ಕಳಿಸುತ್ತದೆ. ಪೆಟ್ಟು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಆನೆಗೆ ನೋವಾಗುತ್ತದೆ, ಜೀವ ಹೋಗುವುದಿಲ್ಲ. ನೇರ ಲೈನ್ ಕರೆಂಟು ಕೊಡುವ ಪಾಪಿಯ ಬೇಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ತಮಿಳುನಾಡು ಸರ್ಕಾರ 2023ರಲ್ಲಿ ವಿದ್ಯುತ್ ಬೇಲಿಗಳನ್ನು ನೋಂದಾಯಿಸಬೇಕೆಂದು ನಿಯಮವನ್ನೇ ತಂದಿತು. ಅದೇ ವರ್ಷ ನಮ್ಮ ಸೀಮೆಯ ತೋಟಗಳಲ್ಲಿ ಮನೆಮಾತಾಗಿದ್ದ ಕರುಪ್ಪನ್ ಎಂಬ ಕಾಡಾನೆಯನ್ನು ಅರಣ್ಯ ಇಲಾಖೆಯವರು ಪಳಗಿಸಿದ ಕುಮ್ಕಿ ಆನೆಗಳನ್ನು ತಂದು ಹಿಡಿದು ಸಾಗಿಸಿದರು. ಬೇಲಿಯ ತಂತಿ ಎಲ್ಲಿ ಜೀವಂತ, ಎಲ್ಲಿ ಸತ್ತಿದೆ ಎಂದು ಪರೀಕ್ಷೆ ಮಾಡುವುದರಲ್ಲಿ ಆನೆಗಳಿಗೆ ಯಾವ ಲೈನ್‌ಮನ್ನೂ ಸಮವಲ್ಲ. ದಂತಕ್ಕೆ ಕರೆಂಟು ಹತ್ತುವುದಿಲ್ಲ ಎಂಬ ವಿಜ್ಞಾನವನ್ನು ಅವು ನಮ್ಮ ಮಕ್ಕಳಿಗಿಂತ ಬೇಗ ಕಲಿತಿವೆ.

ಕಾವಲಿನ ಹುಡುಗರ ಕಣ್ಣು ಬೀಳುವುದು ಈ ಪೆಟ್ಟಿಗೆಯ ಮೇಲೆಯೇ. ಹತ್ತಿರದಲ್ಲಿದೆ, ಹನ್ನೆರಡು ವೋಲ್ಟಿದೆ, ಮಾವನವರ ಬೈಗುಳವಿಲ್ಲ. “ಆನೆ ಬಂದ್ರೆ ವಾಟ್ಸಾಪಲ್ಲಿ ತಿಳಿಬೇಕಲ್ಲ ಭಾವ, ಫೋನ್ ಇರ್ಲೇಬೇಕು” ಎಂಬ ವಾದ ಬೇರೆ. ಮೋಡ ಮುಸುಕಿದ ಆಷಾಢದಲ್ಲಿ ಹಗಲು ಸೋಲಾರ್ ಹಲಗೆ ತುಂಬಿಸುವುದೇ ಕಡಿಮೆ. ಅದರ ಮೇಲೆ ಮೂರು ಫೋನು, ಒಂದು ಹಾಡು ಹೇಳುವ ಸ್ಪೀಕರು. ನಡುರಾತ್ರಿಯ ಹೊತ್ತಿಗೆ ವೋಲ್ಟು ಕುಸಿದು ಬೇಲಿಯ ಪೆಟ್ಟು ಸೊಳ್ಳೆ ಕಡಿತಕ್ಕೆ ಇಳಿಯುತ್ತದೆ. ಆನೆ ಒಳಗೆ ಬರುತ್ತದೆ. ಆನೆ ಬಂತೆಂಬ ಸುದ್ದಿ ಪೂರ್ತಿ ಚಾರ್ಜಾದ ಫೋನಿನಲ್ಲಿ ಫೋಟೊ ಸಮೇತ ಎಲ್ಲರಿಗೂ ತಲುಪುತ್ತದೆ. ಆನೆಯ ಸುದ್ದಿ ತಿಳಿಯಲೆಂದು ಆನೆಯನ್ನೇ ಕರೆಸಿಕೊಳ್ಳುವ ವಿದ್ಯೆ ನಮ್ಮ ಬೆಟ್ಟ ಬಿಟ್ಟು ಬೇರೆಲ್ಲೂ ಇರಲಾರದು.

ಸಮುದ್ರದಲ್ಲಿ ಬಹಳ ಕಾಲ ಓಡಾಡುವ ದೋಣಿಯವರು ಒಂದೇ ಬ್ಯಾಟರಿಯ ಈ ಪೀಕಲಾಟಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಎಂಜಿನ್ ಎಬ್ಬಿಸಲು ಒಂದು ಬ್ಯಾಟರಿ, ದೀಪ, ಫೋನು, ಫ್ಯಾನಿಗೆ ಇನ್ನೊಂದು. ಎರಡನೆಯದು ಪೂರ್ತಿ ಸತ್ತರೂ ಮೊದಲನೆಯದನ್ನು ಯಾರೂ ಮುಟ್ಟುವುದಿಲ್ಲ. ನೀವೂ ಹಾಗೆಯೇ ಮಾಡಿ. ಕೈಲಾದರೆ ಫೋನುಗಳಿಗೆಂದೇ ಸಣ್ಣದೊಂದು ಸೋಲಾರ್ ಹಲಗೆ, ಸಣ್ಣದೊಂದು ಬ್ಯಾಟರಿ, ನಡುವೆ ಚಾರ್ಜ್ ಕಂಟ್ರೋಲರ್ ಇಟ್ಟುಕೊಳ್ಳಿ. ಹನ್ನೆರಡು ವೋಲ್ಟಿನ ಹಲಗೆ ಎನ್ನುವುದು ಬಿಸಿಲಿನಲ್ಲಿ ಇಪ್ಪತ್ತು ದಾಟುತ್ತದೆ, ಅದಕ್ಕೆ ಫೋನನ್ನು ನೇರ ಕಟ್ಟಬೇಡಿ. ಕೈಲಾಗದಿದ್ದರೆ ಟ್ರ್ಯಾಕ್ಟರಿಗೆ ಒಳ್ಳೆಯ ಅಡಾಪ್ಟರು, ಫ್ಯೂಸು ಹಾಕಿ, ಯಜಮಾನರ ಬೈಗುಳ ಕೇಳಿಕೊಂಡೇ ಚಾರ್ಜು ಮಾಡಿಕೊಳ್ಳಿ. ನಾಲ್ಕು ಫೋನಿಗೆ ಟ್ರ್ಯಾಕ್ಟರು ಸಾಯುವುದಿಲ್ಲ, ಸತ್ತರೆ ಅದು ಮೊದಲೇ ಸಾಯಲು ಕಾದಿತ್ತು ಎಂದು ತಿಳಿಯಿರಿ. ಬೇಲಿಯ ಬ್ಯಾಟರಿಯನ್ನು ಮಾತ್ರ ಮುಟ್ಟಬೇಡಿ. ಸಿನಿಮಾ ನಾಳೆಯೂ ನೋಡಬಹುದು, ಜೋಳ ವರ್ಷಕ್ಕೊಮ್ಮೆ.